ಸಹಾಯ ಬೇಕು: ಕ್ರೌನ್ ಇಂಪೀರಿಯಲ್ ಬರೀ ಎಲೆ ಬಿಡ್ತಿದೆ, ಹೂವೇ ಇಲ್ಲ

ಎಲ್ಲರಿಗೂ ನಮಸ್ಕಾರ. ನಾವಿರೋದು ಇಂಗ್ಲೆಂಡಿನ ಲೆಸ್ಟರ್ ಹತ್ತಿರ, ಹಿತ್ತಲಲ್ಲಿ ಜೇಡಿಮಣ್ಣು. ಕ್ರೌನ್ ಇಂಪೀರಿಯಲ್ ಅಂದ್ರೆ ಗಡ್ಡೆಯಿಂದ ಬೆಳೆಯೋ ಒಂದು ಹೂಗಿಡ. ಗಡ್ಡೆ ನೆಟ್ಟ ಮೇಲೆ ಬಂದ ಮೊದಲ ಏಪ್ರಿಲ್ ತಿಂಗಳಲ್ಲಿ ಗಂಟೆಯಾಕಾರದ ಕಿತ್ತಳೆ ಬಣ್ಣದ ಹೂಗಳು ಸೊಗಸಾಗಿ ಜೋತುಬಿದ್ದಿದ್ವು. ಆಮೇಲಿಂದ ಒಂದು ಮೊಗ್ಗೂ ಇಲ್ಲ. ಮಾರ್ಚ್‌ನಲ್ಲಿ ದಪ್ಪ ಚಿಗುರು ಬರುತ್ತೆ, ನರಿ ನಾತ ಹೊಡೆಯುತ್ತೆ, ಜೂನ್ ಹೊತ್ತಿಗೆ ಹಳದಿಯಾಗಿ ಒಣಗುತ್ತೆ. ನಾತ ಮಾತ್ರ ಒಂದು ವರ್ಷವೂ ತಪ್ಪಿಸಿಲ್ಲ!

ಗಡ್ಡೆ ನಡುವಿನ ತೂತಲ್ಲಿ ನೀರು ನಿಲ್ಲಬಾರದು ಅಂತ ಓರೆಯಾಗಿ ಮಲಗಿಸಿ, ಕೆಳಗೆ ದಪ್ಪ ಮರಳು ಹಾಕಿ, ಸುಮಾರು 25 ಸೆಂ.ಮೀ. ಆಳಕ್ಕೆ ನೆಟ್ಟಿದ್ದೀನಿ. ಬಿಸಿಲು ಚೆನ್ನಾಗಿದೆ. ಎಲೆ ಹಸಿರಿರೋವರೆಗೂ ಟೊಮ್ಯಾಟೊಗೆ ಹಾಕೋ ಪೊಟ್ಯಾಶ್ ಜಾಸ್ತಿ ಇರೋ ದ್ರವ ಗೊಬ್ಬರ ಕೊಡ್ತೀನಿ. ಎಲೆ ತಿನ್ನೋ ಕೆಂಪು ಲಿಲಿ ಜೀರುಂಡೆ ಕಂಡ್ರೆ ಕೈಯಲ್ಲೇ ಆರಿಸಿ ತೆಗೀತೀನಿ. ಒಂದು ಗಡ್ಡೆ ಅಗೆದು ನೋಡಿದ್ರೆ ಕೊಳೆತಿಲ್ಲ, ಗಟ್ಟಿಯಾಗೇ ಇದೆ.

ಗೊಂದಲ ಇರೋದು ಇಲ್ಲಿ. ಇದು ಟರ್ಕಿ, ಇರಾನ್‌ನಿಂದ ಕಾಶ್ಮೀರದ ಕಡೆವರೆಗೆ ಕಲ್ಲುಗುಡ್ಡಗಳಲ್ಲಿ ಬೆಳೆಯೋ ಗಿಡ. ಬೇಸಿಗೆಯಲ್ಲಿ ಗಡ್ಡೆ ಒಣಗಿ ಬಿಸಿಯಾದ್ರೇನೇ ಮುಂದಿನ ಹೂವು. ನಮ್ಮಲ್ಲಿ ಜುಲೈಯಲ್ಲೂ ಮಳೆ. ಅದಕ್ಕೆ ಕಿತ್ತು ಒಣಗಿಸಿಡಿ ಅಂತಾರೆ ಕೆಲವರು. ಮುಟ್ಟಲೇಬೇಡಿ, ಕದಲಿಸಿದ್ರೆ ಮುಂದಿನ ವರ್ಷವೂ ಹೂ ಬಿಡಲ್ಲ ಅಂತಾರೆ ಇನ್ನು ಕೆಲವರು.

ಜೇಡಿಮಣ್ಣು, ಮಳೆ ಬೇಸಿಗೆ ಇರೋ ಕಡೆ ಇದನ್ನ ವರ್ಷವರ್ಷ ಹೂ ಬಿಡಿಸಿದವರು ಯಾರಾದ್ರೂ ಇದ್ದೀರಾ? ಜೂನ್‌ನಲ್ಲಿ ಕಿತ್ತಿಟ್ಟು ಸೆಪ್ಟೆಂಬರ್‌ನಲ್ಲಿ ಮತ್ತೆ ನೆಡ್ತೀರಾ, ಇಲ್ಲಾ ನೆಲದಲ್ಲೇ ಬಿಡ್ತೀರಾ? ಬಿಡೋದಾದ್ರೆ ಮಳೆನೀರು ತಾಗದ ಹಾಗೆ ಏನು ಮಾಡ್ತೀರಿ?