ಬೀರಿನಲ್ಲಿ ಬೆಣ್ಣೆಯ ವಾಸನೆ: ಪರೀಕ್ಷೆ ಎಲ್ಲಿ, ತರಬೇತಿ ಎಲ್ಲಿ?

ಪ್ರಶ್ನೆ:
ನಾನು ಬೆಳಗಾವಿಯ ಕಿರು ಬ್ರೂವರಿಯೊಂದರಲ್ಲಿ ಎರಡು ವರ್ಷಗಳಿಂದ ಸಹಾಯಕ ಬ್ರೂವರ್ ಆಗಿದ್ದೇನೆ. ಓದಿದ್ದು ಸೂಕ್ಷ್ಮಜೀವಶಾಸ್ತ್ರ, ಬೀರಿನ ಕೆಲಸವನ್ನು ಮಾಡುತ್ತಲೇ ಕಲಿತೆ. ಕಳೆದ ಮೂರು ಬ್ಯಾಚ್‌ಗಳಲ್ಲೂ ಲಾಗರ್ (ತಣ್ಣಗೆ ಹುದುಗಿಸಿದ ಬೀರು) ಅನ್ನು ನಲ್ಲಿಗೆ ಜೋಡಿಸಿದ ಐದಾರು ದಿನಗಳಲ್ಲಿ ಬೆಣ್ಣೆಯ ವಾಸನೆ ಕಾಣಿಸಿಕೊಳ್ಳುತ್ತಿದೆ. ಅಡುಗೆಮನೆಯವರು ಇದನ್ನು 'ಕುಂದಾ ಬೀರು' ಎಂದು ಕರೆಯತೊಡಗಿದ್ದಾರೆ. ಮಾದರಿಯನ್ನು ಎಲ್ಲಿಗೆ ಕಳುಹಿಸಬೇಕು? ಕೆಲಸ ಬಿಡದೆ ಪಡೆಯಬಹುದಾದ ತರಬೇತಿ ಯಾವುದಾದರೂ ಇದೆಯೇ?

ಉತ್ತರ 1:
ನಿಮ್ಮ ವರ್ಣನೆ ಬೆಣ್ಣೆಯ ವಾಸನೆ ಕೊಡುವ ಸಂಯುಕ್ತವಾದ ಡೈಅಸಿಟೈಲ್‌ಗೆ ಹೊಂದುತ್ತದೆ. ತಿಳಿ ಲಾಗರ್‌ನಲ್ಲಿ ಲೀಟರಿಗೆ ಸುಮಾರು 0.1 ಮಿಲಿಗ್ರಾಂ ಇದ್ದರೂ ಪಳಗಿದ ಮೂಗು ಅದನ್ನು ಹಿಡಿಯುತ್ತದೆ. ಅದು ಎರಡು ದಾರಿಯಲ್ಲಿ ಬರಬಹುದು: ಯೀಸ್ಟ್ ಹೊರಬಿಟ್ಟ ಆಲ್ಫಾ ಅಸಿಟೊಲ್ಯಾಕ್ಟೇಟ್ ಎಂಬ ವಸ್ತು ನಿಧಾನವಾಗಿ ಡೈಅಸಿಟೈಲ್ ಆಗುತ್ತದೆ, ಅದನ್ನು ಯೀಸ್ಟ್ ಮರಳಿ ಹೀರಿಕೊಳ್ಳುವ ಮೊದಲೇ ನೀವು ಟ್ಯಾಂಕನ್ನು ತಣ್ಣಗಾಗಿಸಿರಬಹುದು, ಇಲ್ಲವೇ ಕೊಳವೆಯಲ್ಲಿ ಪೀಡಿಯೊಕಾಕಸ್ ಅಥವಾ ಲ್ಯಾಕ್ಟೊಬ್ಯಾಸಿಲಸ್ ಬ್ಯಾಕ್ಟೀರಿಯಾ ಸೇರಿರಬಹುದು. ಪ್ರಯೋಗಾಲಯದ ಗ್ಯಾಸ್ ಕ್ರೊಮಾಟೊಗ್ರಫಿ (ಆವಿಯಾಗುವ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ) ಡೈಅಸಿಟೈಲ್ ಎಷ್ಟಿದೆ ಎಂದು ಹೇಳುತ್ತದೆಯೇ ಹೊರತು ಎಲ್ಲಿಂದ ಬಂತು ಎಂದು ಹೇಳುವುದಿಲ್ಲ. ಆದ್ದರಿಂದ ಹಣ ಖರ್ಚು ಮಾಡುವ ಮೊದಲು ಟ್ಯಾಂಕಿನಿಂದಲೇ ಎರಡು ಮಾದರಿ ತೆಗೆದು, ಒಂದನ್ನು ಮುಚ್ಚಿ 60ರಿಂದ 65 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಇಟ್ಟು, ತಣಿಸಿ, ಎರಡನ್ನೂ ಮೂಸಿ ನೋಡಿ. ಬಿಸಿಯಾದದ್ದು ಮಾತ್ರ ವಾಸನೆ ಬೀರಿದರೆ ಯೀಸ್ಟಿಗೆ ಇನ್ನೂ ಕಾಲಾವಕಾಶ ಬೇಕು. ಎರಡೂ ಶುದ್ಧವಾಗಿದ್ದರೆ ನಲ್ಲಿಯ ಕಡೆ ನೋಡಿ.

ಉತ್ತರ 2:
ಪ್ರಯೋಗಾಲಯ ಆರಿಸುವಾಗ, ಪ್ರಯೋಗಾಲಯಗಳಿಗೆ ಮಾನ್ಯತೆ ನೀಡುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಲ್ ಮುದ್ರೆಯೊಂದನ್ನೇ ನೋಡಬೇಡಿ. ಮಾನ್ಯತೆ ಸಿಗುವುದು ನಿರ್ದಿಷ್ಟ ಪರೀಕ್ಷೆಗಳಿಗೆ. ಬೀರಿನ ಡೈಅಸಿಟೈಲ್ ಆ ಪಟ್ಟಿಯಲ್ಲಿದೆಯೇ ಎಂದು ಕೇಳಿ. ಯೀಸ್ಟ್ ಉಳಿದಿರುವ ಮಾದರಿ ದಾರಿಯಲ್ಲೇ ಬದಲಾಗುತ್ತದೆಯಾದ್ದರಿಂದ ಅದನ್ನು ತಂಪಾಗಿ ಕಳುಹಿಸುವುದು ಅಗತ್ಯ. ಸಾಗಣೆಯ ಬಗ್ಗೆ ಅಬಕಾರಿ ಅಧಿಕಾರಿಗಳನ್ನು ಮೊದಲೇ ಲಿಖಿತವಾಗಿ ಕೇಳಿಕೊಳ್ಳಿ.

ತರಬೇತಿಗೆ ಲಂಡನ್ನಿನ ಇನ್‌ಸ್ಟಿಟ್ಯೂಟ್ ಆಫ್ ಬ್ರೂಯಿಂಗ್ ಆ್ಯಂಡ್ ಡಿಸ್ಟಿಲಿಂಗ್ ನಡೆಸುವ ಜನರಲ್ ಸರ್ಟಿಫಿಕೇಟ್ ನಿಮಗೆ ಸರಿಹೊಂದೀತು. ಮನೆಯಲ್ಲೇ ಓದಿ ಪರೀಕ್ಷೆ ಬರೆಯಬಹುದು. 1883ರಲ್ಲಿ ಆರಂಭವಾದ, ಬೀರು ತಯಾರಿಕೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರವಾದ ಬರ್ಲಿನ್ನಿನ ವಿಎಲ್‌ಬಿ ಹೆಸರಾಂತ ಸಂಸ್ಥೆಯೇ ಆದರೂ ಅಲ್ಲಿಗೆ ಹೋಗಿ ಕಲಿಯುವ ಖರ್ಚು ಬೇರೆಯೇ ಲೆಕ್ಕ. ಹತ್ತಿರದ ಪುಣೆಯ ವಸಂತದಾದಾ ಸಕ್ಕರೆ ಸಂಸ್ಥೆಯಲ್ಲಿ ಮದ್ಯಸಾರ ತಂತ್ರಜ್ಞಾನ ಕಲಿಸುತ್ತಾರೆ, ಆದರೆ ಅಲ್ಲಿನ ಗಮನ ಸಕ್ಕರೆ ತಯಾರಿಕೆಯಲ್ಲಿ ಉಳಿಯುವ ಕಾಕಂಬಿಯ ಮೇಲೆ, ಬೀರಿಗೆ ಬೇಕಾದ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಮೇಲಲ್ಲ. ನನ್ನನ್ನು ಕೇಳಿದರೆ, ಮೊದಲು ಮೂಗನ್ನು ಪಳಗಿಸಿ: ಮೂರು ಲೋಟಗಳಲ್ಲಿ ಒಂದಕ್ಕೆ ಮಾತ್ರ ಡೈಅಸಿಟೈಲ್‌ನ ರುಚಿಮಾದರಿ ಬೆರೆಸಿ, ಅದು ಯಾವುದೆಂದು ಗುರುತಿಸುವ ಅಭ್ಯಾಸವನ್ನು ಎಲ್ಲರಿಗೂ ಮಾಡಿಸಿ. ಕುಂದಾ ಎಂದು ನಕ್ಕವರನ್ನೂ ಕೂರಿಸಿಕೊಳ್ಳಿ. ಅವರ ಮೂಗು ಚುರುಕಾಗಿದೆ.

ಪ್ರಶ್ನೆ ಕೇಳಿದವರು:
ಟ್ಯಾಂಕಿನ ಎರಡೂ ಮಾದರಿಗಳು ಶುದ್ಧವಾಗಿವೆ. ನಲ್ಲಿಯದು ಮಾತ್ರ ವಾಸನೆ ಬೀರುತ್ತಿದೆ. ಕೊಳವೆಗಳಿಗೆ ನಾವು ತಿಂಗಳಿಗೊಮ್ಮೆ ಬಿಸಿನೀರು ಬಿಡುವುದಷ್ಟೇ ರೂಢಿ ಎಂದು ಒಪ್ಪಿಕೊಳ್ಳಬೇಕು.

ಉತ್ತರ 1:
ಬಿಸಿನೀರು ಸಾಲದು. ಎರಡು ವಾರಕ್ಕೊಮ್ಮೆ ಕಾಸ್ಟಿಕ್ (ತೀವ್ರ ಕ್ಷಾರದ) ದ್ರಾವಣ ಹರಿಸಿ, ಚೆನ್ನಾಗಿ ತೊಳೆಯಿರಿ. ನಲ್ಲಿಯನ್ನೂ ಕೆಗ್ (ಬೀರಿನ ಪೀಪಾಯಿ) ಜೋಡಣೆಯನ್ನೂ ಬಿಚ್ಚಿ ಬ್ರಷ್‌ನಿಂದ ಉಜ್ಜಿ. ಅನಂತರವೂ ವಾಸನೆ ಉಳಿದರೆ ಕೊಳವೆಯನ್ನೇ ಬದಲಿಸಿ, ನಲ್ಲಿಯ ಬೀರನ್ನು ಸೂಕ್ಷ್ಮಜೀವಿ ಪರೀಕ್ಷೆಗೆ ಕಳುಹಿಸಿ.