ಪುಟ್ಟಿ ಕೇಳಿದ ಬೈಕ್ ಬ್ಯಾಟರಿ ಚಾರ್ಜರ್ ವಿಷಯ

ಪುಟ್ಟಿ, ನಿನ್ ಮೆಸೇಜ್ ಈಗ ನೋಡ್ದೆ ಕಣವ್ವ. ಉದ್ದ ಆಯ್ತದೆ, ಪೂರ್ತಿ ಕೇಳು. ಅಪ್ಪನ ಪಲ್ಸರ್ ಸೆಲ್ಫ್ ಒತ್ತಿದ್ರೆ ಬರೀ ಟಕ್ ಟಕ್ ಅಂತೈತೆ, ಹಳೇ ಚಾರ್ಜರ್ ಸುಟ್ಟೋಗೈತೆ, ಮನೆ ಇನ್ವರ್ಟರ್ ಬ್ಯಾಟರಿಯಿಂದ ವೈರ್ ಎಳೆದು ಚಾರ್ಜ್ ಮಾಡ್ಲಾ, ಇಲ್ಲ ಗ್ಯಾರೇಜಿನ ದೊಡ್ಡ ಚಾರ್ಜರ್ ತಂದು ರಾತ್ರಿಯೆಲ್ಲ ಹಾಕಿಡ್ಲಾ, ಸಿಡಿದೋಯ್ತದಾ, ಹೊಸ ಚಾರ್ಜರ್ ಆದ್ರೆ ಯಾವ್ದು ತಗೊಳ್ಲಿ ಅಂತ ಕೇಳಿದ್ದೀಯ. ಇನ್ವರ್ಟರೂ ಬ್ಯಾಡ, ಗ್ಯಾರೇಜ್ ಚಾರ್ಜರೂ ಬ್ಯಾಡ. ಇದ್ನ ಕೇಳೋಗಂಟ ಒಂದು ವೈರೂ ಮುಟ್ಬ್ಯಾಡ.

ಇನ್ವರ್ಟರ್ ಬ್ಯಾಟರಿ 150 ಆಂಪಿಯರ್ ಅವರ್‌ದು, ಅದಕ್ಕೆ ತಕ್ಕಂಗೆ ಅದರ ಚಾರ್ಜಿಂಗು 10, 15 ಆಂಪ್ಸ್ ತಳ್ತದೆ. ನಿಮ್ ಗಾಡಿ ಬ್ಯಾಟರಿ 8 ಇಲ್ಲ 9 ಆಂಪಿಯರ್ ಅವರ್ ಇರ್ಬೇಕು. ಅದಕ್ಕೆ ಒಂದು ಆಂಪ್ ಒಳಗೇ ಸಾಕು. ತುಂಬಿದ ದೊಡ್ಡ ಬ್ಯಾಟರಿಗೆ ಖಾಲಿ ಚಿಕ್ಕದನ್ನ ಜೋಡಿಸಿದ್ರೆ ಒಂದೇ ಸಲಕ್ಕೆ ಕರೆಂಟ್ ನುಗ್ತದೆ, ತೆಳು ವೈರ್ ಆದ್ರೆ ಕೈಯಲ್ಲಿರಂಗೇ ಕಾದು ಕರಗ್ತದೆ.

ಗ್ಯಾರೇಜ್ ಚಾರ್ಜರ್ ಇನ್ನೂ ಅಪಾಯ. ಯಾಕೆ ಅಂದ್ರೆ ಅದು ಕೆಲಸ ಮಾಡಂಗೆ ಕಾಣ್ತದೆ. ಮಳವಳ್ಳಿ ಭಾವನ ಮನೇಲಿ ಆಗಿದ್ದು ದೊಡ್ಡೋರಿಗೆಲ್ಲ ನೆನಪಿರ್ಬೇಕು. ಅವರ ದೊಡ್ಡಮಗಳ ಚಪ್ರದ ಹಿಂದಿನ ದಿನ, ಓಡಾಟಕ್ಕೆ ಗಾಡಿ ಬೇಕು ಅಂತ, ಯಾರೋ ಪರಿಚಯದೋರ ಹತ್ರ ಆ ಕಬ್ಬಿಣದ ಡಬ್ಬದ ಚಾರ್ಜರ್ ತಂದವ್ರೆ. ಒಳಗೆ ಟ್ರಾನ್ಸ್‌ಫಾರ್ಮರ್ರು, ಡಯೋಡು, ಮುಂದೆ ಮುಳ್ಳಿನ ಮೀಟರ್ರು, ಅಷ್ಟೇ. ಗಾಡಿದು ಸೀಲ್ಡ್ ಬ್ಯಾಟರಿ. ಸಾಯಂಕಾಲ ಹಾಕಿ ಎಲ್ಲಾ ಮಲಗವ್ರೆ. ಬೆಳಗ್ಗೆ ನನ್ನ ಕರೆದ್ರು. ಹೋಗಿ ನೋಡ್ದ್ರೆ ಬ್ಯಾಟರಿ ಡಬ್ಬ ನಾಲ್ಕೂ ಕಡೆ ಪೂರಿ ಹಂಗೆ ಉಬ್ಬಿ ಟ್ರೇ ಒಳಗೆ ಸಿಕ್ಕಾಕ್ಕೊಂಡೈತೆ, ಮುಟ್ಟಕ್ಕಾಗಲ್ಲ ಅಷ್ಟು ಬಿಸಿ, ಕೊಳೆತ ಮೊಟ್ಟೆ ವಾಸನೆ. ಮೀಟರ್ ಇಟ್ರೆ 16 ವೋಲ್ಟ್ ಮೇಲೆ. ಬ್ಯಾಟರಿ ಯಾವಾಗ್ಲೋ ತುಂಬೋಗೈತೆ, ಆದ್ರೂ ಚಾರ್ಜರ್ ಮುಳ್ಳು ಮೂರು ಆಂಪ್ಸಲ್ಲೇ ನಿಂತೈತೆ. ಅಷ್ಟರಲ್ಲಿ ಭಾವನ ತಮ್ಮ ಬಗ್ಗಿ ಕ್ಲಿಪ್ ಕೀಳಕ್ಕೆ ಹೋದ, ನಾನು ಕೂಗಿ ನಿಲ್ಸಿ ಮೊದಲು ಗೋಡೆ ಸ್ವಿಚ್ ಆಫ್ ಮಾಡ್ಸಿದೆ. ಕರೆಂಟ್ ಹರೀತಿರಂಗೇ ಕ್ಲಿಪ್ ಕಿತ್ರೆ ಕಿಡಿ ಹಾರ್ತದೆ. ಸುತ್ತ ಹೈಡ್ರೋಜನ್ ತುಂಬಿರ್ತದೆ. ಗಾಳೀಲಿ ನೂರಕ್ಕೆ 4 ಭಾಗ ಹೈಡ್ರೋಜನ್ ಇದ್ರೂ ಹತ್ಕೊಳಕ್ಕೆ ಸಾಕು. ಪಡಸಾಲೆ ಅದು, ಪಕ್ಕದಲ್ಲೇ ಅಡಿಗೆ ಒಲೆ ಹಚ್ಚಿದ್ರು.

ಅಲ್ಲಿ ಒಳಗೆ ಏನಾಯ್ತು ಅಂದ್ರೆ, ತುಂಬಿದ ಮೇಲೆ ಹೋದ ಕರೆಂಟೆಲ್ಲ ನೀರನ್ನ ಒಡೆದು ಗ್ಯಾಸ್ ಮಾಡ್ತದೆ. ಸೀಲ್ಡ್ ಬ್ಯಾಟರಿ ಸ್ವಲ್ಪ ಗ್ಯಾಸ್‌ನ ಮತ್ತೆ ನೀರು ಮಾಡ್ಕೊಳ್ತದೆ, ಆದ್ರೆ ಆ ಕೆಲಸದಲ್ಲಿ ಶಾಖ ಹುಟ್ಟತದೆ. ಬಿಸಿ ಏರಿದಷ್ಟೂ ಅದು ಇನ್ನಷ್ಟು ಕರೆಂಟ್ ಎಳೀತದೆ, ಮತ್ತೆ ಬಿಸಿ. ನೀರು ಹೋದ್ರೆ ಮೇಲಿಂದ ಹಾಕಕ್ಕೆ ಮುಚ್ಚಳಾನೂ ಇಲ್ಲ. ಹಿಂದೆ ಮುಚ್ಚಳ ಬಿಚ್ಚಿ ನೀರು ಹಾಕೋ ಬ್ಯಾಟರಿಗೆ ಆ ಡಬ್ಬ ಸರಿ ಇತ್ತು, ಅದೂ ಪಕ್ಕದಲ್ಲಿ ಒಬ್ಬರು ಕೂತು ನೋಡ್ಕೋಬೇಕಿತ್ತು.

ಮುಳ್ಳಿನ ಡಬ್ಬದ ಚಾರ್ಜರ್‌ನ ಸೀಲ್ಡ್ ಬ್ಯಾಟರಿಗೆ ಹಾಕಿ ಮಲಗಬ್ಯಾಡಿ. ಇದು ಪುಟ್ಟಿಗೆ ಮಾತ್ರ ಅಲ್ಲ, ಗ್ರೂಪಲ್ಲಿರೋ ಎಲ್ರಿಗೂ. ಮೈಸೂರು ಚಿಕ್ಕಪ್ಪನ ಮನೇಲಿ ಹಳೇ ಜಾವಾ ಐತಲ್ಲ, ಅದು 6 ವೋಲ್ಟ್. ಆ ಡಬ್ಬದಲ್ಲಿ 6, 12 ಅಂತ ಸ್ವಿಚ್ ಇರ್ತದೆ, ಗಾಡಿ ಬದಲಾದಾಗ ಅದ್ನ ನೋಡ್ದೆ ಹಾಕ್ಬ್ಯಾಡಿ. 12ರಲ್ಲಿಟ್ಟು 6 ವೋಲ್ಟ್ ಬ್ಯಾಟರಿಗೆ ಕೊಟ್ರೆ ಕುದ್ದೇ ಹೋಯ್ತದೆ.

ಇನ್ನೊಂದು ಮಾತು, ಬೇಜಾರಾದ್ರೂ ಹೇಳ್ತೀನಿ. ಗಾಡಿ ಇಳಿಸಿ ನಿಲ್ಸಿ ಎಲ್ಲಾ ಬೆಂಗಳೂರು ಸೇರ್ಕೋತೀರಿ. ಹಬ್ಬಕ್ಕೋ ಮಾರಿಜಾತ್ರೆಗೋ ಬಂದು ಬಟನ್ ಒತ್ತೋದು, ಆಗದಿದ್ರೆ ದೊಡ್ಡಪ್ಪಂಗೆ ಫೋನು. ಬ್ಯಾಟರಿ ನಿಂತಲ್ಲೇ ಇಳೀತಿರ್ತದೆ. ಬಿಸಿಲಲ್ಲಿ ಇನ್ನೂ ಬೇಗ. ಇಂಜೆಕ್ಷನ್ ಗಾಡಿ (ಪೆಟ್ರೋಲ್‌ನ ಕರೆಂಟ್ ಪಂಪಿಂದ ಇಂಜಿನ್‌ಗೆ ಚಿಮ್ಮಿಸೋದು), ಅಲಾರಂ ಇರೋದು ಆದ್ರೆ ಅವೂ ಚೂರುಚೂರು ಎಳೀತಾನೇ ಇರ್ತವೆ. ಖಾಲಿ ಬಿಟ್ರೆ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿ ಹರಳು ಕಟ್ತದೆ, ಆಮೇಲೆ ಯಾವ ಚಾರ್ಜರ್ ತಂದ್ರೂ ಪೂರ್ತಿ ಕರಗಲ್ಲ. ವಾರಕ್ಕೊಂದು ಸಲ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡ್ತೀವಿ ಅಂತೀರಿ. ಸ್ಲೋದಲ್ಲಿ ನಿಲ್ಸಿದ್ರೆ ಸೆಲ್ಫ್ ತಿಂದಿದ್ದೂ ವಾಪಸ್ ಬರಲ್ಲ. ಅರ್ಧ ಗಂಟೆ ಓಡಿಸ್ಬೇಕು. ನಿಮ್ಮಪ್ಪ ಇದ್ದಾಗ ಗಾಡಿ ದಿನಾ ಶ್ರೀರಂಗಪಟ್ಟಣಕ್ಕೆ ಹೋಗಿ ಬರ್ತಿತ್ತು, ಚಾರ್ಜರ್ ಮಾತೇ ಇರ್ಲಿಲ್ಲ. ಈಗ ಬರೋ ಎಷ್ಟೋ ಗಾಡಿಗೆ ಕಿಕ್ಕರ್ರೇ ಇಲ್ಲ, ತಳ್ಳಿದ್ರೂ ಬ್ಯಾಟರಿ ಪೂರ್ತಿ ಸತ್ತಿದ್ರೆ ಇಂಜೆಕ್ಷನ್ ಪಂಪ್ ಎದ್ದೇಳಲ್ಲ. ಯಾರಿಗೆ ಬೇಕಿತ್ತು ಆ ಕಿಕ್ಕರ್ ತೆಗೆಯೋದು!

ಅಯ್ಯೋ, ನೀನು ಕೇಳಿದ್ದು ಯಾವ ಚಾರ್ಜರ್ ತಗೊಳ್ಳೋದು ಅಂತ. ಬರ್ಕೊ. ಬ್ಯಾಟರಿ ಮೇಲಿನ ಲೇಬಲ್ ನೋಡು, 12 ವೋಲ್ಟ್, ಪಕ್ಕದಲ್ಲಿ ಇಷ್ಟು ಎಎಚ್, ಅಂದ್ರೆ ಆಂಪಿಯರ್ ಅವರ್, ಅಂತ ಇರ್ತದೆ. ಅದರ ಹತ್ತನೇ ಒಂದು ಭಾಗ ಕರೆಂಟ್. 9 ಇದ್ರೆ 0.9. ಅಂಗಡೀಲಿ 12 ವೋಲ್ಟ್, 1 ಆಂಪ್, ಪೂರ್ತಿ ಆಟೋಮ್ಯಾಟಿಕ್ ಅಂತ ಕೇಳು. 14.4 ವೋಲ್ಟ್ ಹತ್ರ ಹೋಗಿ, ಆಮೇಲೆ ತಾನೇ 13.5, 13.8ಕ್ಕೆ ಇಳಿದು ನಿಲ್ಬೇಕು. ಆ ಅಂಕಿ ಡಬ್ಬದ ಮೇಲೆ ಬರೆದಿಲ್ದಿದ್ರೆ ವಾಪಸ್ ಇಡು. ಉಲ್ಟಾ ಹಾಕಿದ್ರೆ ತಡೆಯೋದು ಇರ್ಬೇಕು. ಕರೆಂಟ್ ಹೋಗಿ ಬಂದಾಗ ತಾನೇ ಶುರು ಆಯ್ತದಾ ಅಂತಾನೂ ಕೇಳು, ಕೆಲವಕ್ಕೆ ಮತ್ತೆ ಬಟನ್ ಒತ್ಬೇಕು, ನಮ್ ಕಡೆ ಅದು ಆಗಲ್ಲ. ಲೀಥಿಯಂ ಬ್ಯಾಟರಿ ಯಾರಾದ್ರೂ ಹಾಕ್ಸಿದ್ರೆ ಅದಕ್ಕೆ ಅದರದೇ ಚಾರ್ಜರ್, ಸಲ್ಫೇಟ್ ತೆಗೆಯೋ ಮೋಡ್ ಅದಕ್ಕೆ ಕೊಡ್ಲೇಬಾರ್ದು.

ಬ್ಯಾಟರಿ ಬಿಚ್ಚೋವಾಗ ಮೊದಲು ಮೈನಸ್ಸು, ಕಪ್ಪು ವೈರು. ಆಮೇಲೆ ಪ್ಲಸ್ಸು. ಪ್ಲಸ್ ಮೊದಲು ಬಿಚ್ಚಿದ್ರೆ ಸ್ಪ್ಯಾನರ್ ಚಾಸಿಗೆ ತಾಗಿ ಶಾರ್ಟ್ ಆಯ್ತದೆ. ಹಾಕೋವಾಗ ಪ್ಲಸ್ ಮೊದಲು. ಗಾಳಿಯಾಡೋ ಕಡೆ ಇಡು, ಅಡಿಗೆಮನೆ, ದೇವರಮನೆ ಹತ್ರ ಬ್ಯಾಡ. ಎರಡೂ ಕ್ಲಿಪ್ ಹಾಕಿದ ಮೇಲೆ ಗೋಡೆ ಸ್ವಿಚ್ ಆನ್, ತೆಗೆಯೋಕೆ ಮುಂಚೆ ಸ್ವಿಚ್ ಆಫ್. 9 ಎಎಚ್ ಅರ್ಧ ಖಾಲಿ ಆಗಿದ್ರೆ 6, 7 ಗಂಟೆ ಹಿಡೀತದೆ. ಒಂದು ಗಂಟೆ ಆದ ಮೇಲೆ ಮುಟ್ಟಿ ನೋಡು, ಉಗುರು ಬೆಚ್ಚಗಿದ್ರೆ ಸರಿ, ಕೈ ಹಿಂದಕ್ಕೆ ಎಳೆಯೋಷ್ಟು ಬಿಸಿ ಇದ್ರೆ ಆಫ್ ಮಾಡು. ಗ್ಯಾರೇಜ್ ಡಬ್ಬ ಮಾತ್ರ ಬ್ಯಾಡ, ಯಾರು ಏನೇ ಹೇಳ್ಲಿ.

ಮುಚ್ಚಳ ಇರೋ ಹಳೇ ಬ್ಯಾಟರಿ ಆದ್ರೆ ಚಾರ್ಜ್ ಮುಗಿದ ಮೇಲೆ ಡಿಸ್ಟಿಲ್ಡ್ ವಾಟರ್, ಮೇಲಿನ ಗೆರೆಗಂಟ. ಪ್ಲೇಟೇ ಕಾಣ್ತಿದ್ರೆ ಮಾತ್ರ ಮೊದಲೇ ಅದು ಮುಳುಗೋಷ್ಟು ಹಾಕು. ಬೋರ್‌ವೆಲ್ ನೀರು ಬ್ಯಾಡ, ಆಸಿಡ್ಡೂ ಬ್ಯಾಡ. ಬ್ಯಾಟರಿ ಒಳಗಿನ ಆಸಿಡ್ ಕಣ್ಣಿಗೆ ಹಾರಿದ್ರೆ ಕಾಲು ಗಂಟೆ ನೀರು ಬುಟ್ಕೊಂಡು ತೊಳೆದು ಡಾಕ್ಟರ ಹತ್ರ ಹೋಗ್ಬೇಕು.

ದುಡ್ಡು ಕೊಡೋಕೆ ಮುಂಚೆ ಒಂದು ಕೆಲಸ ಮಾಡು. ಮೀಟರ್ ಇರೋರ ಹತ್ರ ವೋಲ್ಟ್ ನೋಡ್ಸು. ತೀರಾ ಇಳಿದಿದ್ರೆ ಆಟೋಮ್ಯಾಟಿಕ್ ಚಾರ್ಜರ್ ಶುರು ಮಾಡಲ್ಲ, ಅದು ಚಾರ್ಜರ್ ತಪ್ಪಲ್ಲ. ಬ್ಯಾಟರಿ ಅಂಗಡೀಲಿ ಒಂದು ಸಲ ಚಾರ್ಜ್ ಮಾಡ್ಸಿ ರಾತ್ರಿ ಬಿಟ್ಟು ಬೆಳಗ್ಗೆ ನೋಡು. 12.6 ಮೇಲೆ ನಿಂತ್ರೆ ಬ್ಯಾಟರಿ ಬದುಕೈತೆ. 10.5 ಹತ್ರ ನಿಂತ್ರೆ ಒಂದು ಸೆಲ್ ಹೋಗೈತೆ, ಚಾರ್ಜರ್ ದುಡ್ಡನ್ನ ಹೊಸ ಬ್ಯಾಟರಿಗೆ ಹಾಕು. ಗಾಡಿಗೆ ಕೂರ್ಸಿ ಸ್ಟಾರ್ಟ್ ಮಾಡಿ, ಆಕ್ಸಿಲೇಟರ್ ಸ್ವಲ್ಪ ಕೊಟ್ಟು ಬ್ಯಾಟರಿ ಮೇಲೆ ಮೀಟರ್ ಇಡ್ಸು. 14 ಆಸುಪಾಸು ಬರ್ಬೇಕು. 12.5ರಲ್ಲೇ ಇದ್ರೆ ಗಾಡಿನೇ ಚಾರ್ಜ್ ಮಾಡ್ತಿಲ್ಲ, 15 ದಾಟಿದ್ರೆ ಆರ್‌ಆರ್ ಯೂನಿಟ್ (ರೆಗ್ಯುಲೇಟರ್ ರೆಕ್ಟಿಫೈಯರ್, ಗಾಡಿ ಚಾರ್ಜಿಂಗ್ ವೋಲ್ಟ್‌ನ ಹತೋಟೀಲಿಡೋದು) ಕೆಟ್ಟೈತೆ. ಆ ಮೂರು ಅಂಕಿ ಬರೆದು ಲೇಬಲ್ ಫೋಟೋ ಜೊತೆ ಇಲ್ಲೇ ಗ್ರೂಪಿಗೆ ಹಾಕು, ನೋಡಿ ಹೇಳ್ತೀನಿ.