ನಿಗದಿತ ಬೆಲೆಯ ಗುತ್ತಿಗೆ ಇದ್ದರೂ ಒಲ್ಕಿಲುವೊಟೊ-3 ಹದಿನಾಲ್ಕು ವರ್ಷ ತಡವಾದದ್ದೇಕೆ?

ಕದ್ರಾ ತೀರದವ

ನಾನು ಕಾರವಾರದ ಕಡೆಯವನು. ಕೈಗಾದ 5 ಮತ್ತು 6ನೆಯ ಘಟಕಗಳ ಮಾತು ಬಂದಾಗಲೆಲ್ಲ ನಮ್ಮೂರಿನಲ್ಲಿ ಮೊದಲು ಕೇಳಿಬರುವುದು ‘ಮುಗಿಯುವುದು ಯಾವಾಗ’ ಎಂಬ ಪ್ರಶ್ನೆ. ಅದೇ ಕಾರಣಕ್ಕೆ ಬೇರೆ ದೇಶಗಳ ಅಣು ವಿದ್ಯುತ್ ಸ್ಥಾವರಗಳ ಕುರಿತು ಓದುತ್ತಿದ್ದಾಗ ಫಿನ್ಲೆಂಡಿನ ಒಲ್ಕಿಲುವೊಟೊ-3ರ ವಿಚಾರ ಕಣ್ಣಿಗೆ ಬಿತ್ತು. 1,600 ಮೆಗಾವಾಟಿನ ಈ ಘಟಕದ ಕಾಮಗಾರಿ 2005ರಲ್ಲಿ ಆರಂಭವಾಗಿ 2009ರಲ್ಲಿ ಮುಗಿಯಬೇಕಿತ್ತು; ನಿಯಮಿತ ಉತ್ಪಾದನೆ ಆರಂಭವಾದದ್ದು 2023ರ ಏಪ್ರಿಲ್‌ನಲ್ಲಿ. ಫ್ರಾನ್ಸಿನ ಅರೆವಾ ಮತ್ತು ಜರ್ಮನಿಯ ಸೀಮೆನ್ಸ್ ಕಂಪನಿಗಳ ಒಕ್ಕೂಟವು ಸುಮಾರು 3 ಶತಕೋಟಿ ಯೂರೋಗಳಿಗೆ ಇಡೀ ಸ್ಥಾವರವನ್ನು ಕಟ್ಟಿ, ಚಾಲೂ ಮಾಡಿ ಒಪ್ಪಿಸುವುದಾಗಿ ಗುತ್ತಿಗೆ ಪಡೆದಿತ್ತು. ಬೆಲೆಯನ್ನು ಮೊದಲೇ ಕಟ್ಟಿಹಾಕಿದ ಮೇಲೂ ಖರ್ಚು ಏರಿದ್ದು ಹೇಗೆ, ಏರಿದ ಖರ್ಚನ್ನು ಹೊತ್ತವರು ಯಾರು? ಬಲ್ಲವರು ದಯವಿಟ್ಟು ವಿವರಿಸಬೇಕು.

ನಿವೃತ್ತ ಸಿವಿಲ್ ಎಂಜಿನಿಯರ್

ಮಾನ್ಯರೇ, ನನ್ನ ತಿಳಿವಳಿಕೆಯಂತೆ ತಡದ ಬೀಜ ಬಿದ್ದದ್ದು ಮೊದಲ ಕಾಂಕ್ರೀಟು ಹಾಕುವುದಕ್ಕಿಂತಲೂ ಮುಂಚೆ. ಇಪಿಆರ್ ಎಂಬ ಈ ಮಾದರಿಯ ರಿಯಾಕ್ಟರನ್ನು ಅದುವರೆಗೆ ಯಾರೂ ಕಟ್ಟಿರಲಿಲ್ಲ. ಕೆಲಸಕ್ಕೆ ಕೈಹಾಕಿದಾಗ ವಿವರವಾದ ನಕ್ಷೆಗಳು ಸಿದ್ಧವಿರಲಿಲ್ಲ. ಒಂದು ಕಡೆ ನಕ್ಷೆ ಬರೆಯುತ್ತ, ಇನ್ನೊಂದು ಕಡೆ ಅದಕ್ಕೆ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಪಡೆಯುತ್ತ, ಮತ್ತೊಂದು ಕಡೆ ಕಟ್ಟುತ್ತ ಹೋಗುವ ಕ್ರಮವನ್ನು ಹಿಡಿದರು. ಮನೆ ಕಟ್ಟುವಾಗ ಹೀಗೆ ಮಾಡಿದರೆ ಒಂದು ಗೋಡೆ ಒಡೆದು ಸರಿಪಡಿಸಬಹುದು. ರಿಯಾಕ್ಟರ್ ಕಟ್ಟಡದ ಗೋಡೆಯೊಳಗೆ ಕೊಳವೆ, ಕೇಬಲ್ ಹಾಯುವ ಪ್ರತಿಯೊಂದು ತೂತಿಗೂ ಲೆಕ್ಕಾಚಾರ ಮತ್ತು ಅನುಮೋದನೆ ಇರುತ್ತದೆ. ಒಂದನ್ನು ಸರಿಸಿದರೆ ಅದಕ್ಕೆ ಹೊಂದಿಕೊಂಡ ಹತ್ತಾರು ನಕ್ಷೆಗಳನ್ನು ಮತ್ತೆ ಬರೆಯಬೇಕಾಗುತ್ತದೆ.

ಅಡಿಪಾಯದ ಕಾಂಕ್ರೀಟಿನಲ್ಲೇ ತೊಡಕು ಕಾಣಿಸಿಕೊಂಡಿತು. ಮಿಶ್ರಣದಲ್ಲಿ ನೀರಿನ ಪ್ರಮಾಣ ಹೆಚ್ಚಾಗಿತ್ತೆಂದು ತಿಳಿದುಬಂದು, ಪರೀಕ್ಷೆಗಳು ನಡೆದು, ಅದು ಬಳಕೆಗೆ ಯೋಗ್ಯವೆಂಬ ತೀರ್ಮಾನ ಬರುವಷ್ಟರಲ್ಲಿ ತಿಂಗಳುಗಳು ಕಳೆದವು. ರಿಯಾಕ್ಟರ್ ಕಟ್ಟಡದ ಒಳಗೋಡೆಗೆ ಹಾಕುವ ಉಕ್ಕಿನ ಹೊದಿಕೆಯ ಬೆಸುಗೆಯಲ್ಲಿ ದೋಷಗಳು ಸಿಕ್ಕವು. ಪ್ರಧಾನ ಕೊಳವೆಗಳ ಉಕ್ಕಿನ ಕಣರಚನೆ ಸರಿಯಿಲ್ಲದೆ ಕೆಲವನ್ನು ಹೊಸದಾಗಿ ತಯಾರಿಸಬೇಕಾಯಿತು. ಫಿನ್ಲೆಂಡಿನ ನಿಯಂತ್ರಣ ಸಂಸ್ಥೆ ಸ್ಟುಕ್ 2006ರಲ್ಲೇ ತನಿಖಾ ವರದಿ ಹೊರತಂದು, ಉಪಗುತ್ತಿಗೆದಾರರಲ್ಲಿ ಹಲವರಿಗೆ ಅಣುಸ್ಥಾವರದ ಗುಣಮಟ್ಟವೆಂದರೆ ಏನೆಂಬ ಅರಿವೇ ಸಾಲದೆಂದು ಹೇಳಿತ್ತು.

ಅರಿವು ಸಾಲದಿದ್ದುದಕ್ಕೂ ಕಾರಣವಿದೆ. ಇದಕ್ಕೂ ಮುನ್ನ ಫ್ರಾನ್ಸಿನಲ್ಲಿ ಕೊನೆಯದಾಗಿ ಒಂದು ರಿಯಾಕ್ಟರಿನ ಕಾಮಗಾರಿ ಆರಂಭವಾದದ್ದು 1991ರಲ್ಲಿ, ಸಿವೋ ಎಂಬಲ್ಲಿ; ಫಿನ್ಲೆಂಡಿನಲ್ಲಿ 1970ರ ದಶಕದಲ್ಲಿ. ಅಷ್ಟರಲ್ಲಿ ಅನುಭವಿ ವೆಲ್ಡರುಗಳು, ತಪಾಸಕರು, ಮೇಸ್ತ್ರಿಗಳು ನಿವೃತ್ತರಾಗಿದ್ದರು. ಕೈಯಿಂದ ಕೈಗೆ ದಾಟಬೇಕಾದ ಕಸುಬು ಒಂದು ತಲೆಮಾರು ನಿಂತುಹೋದರೆ ಪುಸ್ತಕ ನೋಡಿ ಅದನ್ನು ಮರಳಿ ಪಡೆಯುವುದು ಬಹಳ ಕಷ್ಟ. ನಲವತ್ತು ವರ್ಷ ಕಾಂಕ್ರೀಟಿನ ನಡುವೆ ಇದ್ದವನಾಗಿ ಇದನ್ನು ಒತ್ತಿ ಹೇಳುತ್ತೇನೆ.

ಲೆಕ್ಕಪತ್ರ

ಹಣದ ಭಾಗಕ್ಕೆ ನಾನು ಉತ್ತರಿಸುತ್ತೇನೆ. ನಿಗದಿತ ಬೆಲೆಯ ಗುತ್ತಿಗೆಯು ನಷ್ಟ ಯಾರ ತಲೆಗೆ ಎಂಬುದನ್ನಷ್ಟೇ ತೀರ್ಮಾನಿಸುತ್ತದೆ. ನಷ್ಟವಾಗದಂತೆ ತಡೆಯುವ ಶಕ್ತಿ ಅದಕ್ಕಿಲ್ಲ. ಒಟ್ಟು ಖರ್ಚು 8.5 ಶತಕೋಟಿ ಯೂರೋ ಆಗಬಹುದೆಂದು 2012ರಲ್ಲಿ ಅರೆವಾ ಸಂಸ್ಥೆಯೇ ಅಂದಾಜಿಸಿತು. ಮಾಲೀಕ ಕಂಪನಿ ಟಿವಿಒ ಮತ್ತು ಗುತ್ತಿಗೆದಾರರು ಪರಸ್ಪರ ಕೋಟಿಗಟ್ಟಲೆ ಪರಿಹಾರ ಕೇಳುತ್ತ ವರ್ಷಗಟ್ಟಲೆ ಮಧ್ಯಸ್ಥಿಕೆ ನ್ಯಾಯಮಂಡಳಿಯ ಮುಂದೆ ನಿಂತರು. 2018ರಲ್ಲಿ ಗುತ್ತಿಗೆದಾರರು ಟಿವಿಒಗೆ 45 ಕೋಟಿ ಯೂರೋ ಕೊಡುವುದೆಂದು ರಾಜಿಯಾಯಿತು. ಆ ಹೊತ್ತಿಗೆ ಅರೆವಾ ಎಷ್ಟು ಕುಸಿದಿತ್ತೆಂದರೆ ಫ್ರಾನ್ಸ್ ಸರ್ಕಾರ ಬಂಡವಾಳ ತುಂಬಿ, ಅದರ ರಿಯಾಕ್ಟರ್ ವಿಭಾಗವನ್ನು ಅಲ್ಲಿನ ವಿದ್ಯುತ್ ಕಂಪನಿಯಾದ ಇಡಿಎಫ್‌ಗೆ ವಹಿಸಬೇಕಾಯಿತು. ಕೊನೆಗೆ ಹೊರೆಯ ದೊಡ್ಡ ಪಾಲು ಬಿದ್ದದ್ದು ಫ್ರಾನ್ಸಿನ ತೆರಿಗೆದಾರರ ಮೇಲೆ.

ಇನ್ನೊಂದು ಸಂಗತಿಯನ್ನು ಜನ ಗಮನಿಸುವುದಿಲ್ಲ: ಕಟ್ಟುವ ಅವಧಿಯ ಬಡ್ಡಿ. ಉದಾಹರಣೆಗೆ, 10,000 ಕೋಟಿ ರೂಪಾಯಿಯ ಯೋಜನೆಗೆ ಐದು ವರ್ಷಗಳ ಕಾಲ ಪ್ರತಿ ವರ್ಷದ ಆರಂಭದಲ್ಲಿ 2,000 ಕೋಟಿಯಂತೆ ಶೇಕಡಾ 8ರ ಚಕ್ರಬಡ್ಡಿಗೆ ಸಾಲ ಪಡೆದರೆ, ಐದನೆಯ ವರ್ಷದ ಕೊನೆಗೆ ಸಾಲ ಸುಮಾರು 12,670 ಕೋಟಿ ಆಗಿರುತ್ತದೆ. ಮುಂದೆ ಒಂದು ಇಟ್ಟಿಗೆಯನ್ನೂ ಹೆಚ್ಚಿಗೆ ಇಡದೆ ಸ್ಥಾವರ ಐದು ವರ್ಷ ಸುಮ್ಮನೆ ನಿಂತಿತೆಂದರೆ, ಅದೇ ಸಾಲ 18,600 ಕೋಟಿಯನ್ನು ದಾಟುತ್ತದೆ. ವಿದ್ಯುತ್ ಮಾರಿ ಒಂದು ರೂಪಾಯಿ ಬರುವ ಮೊದಲೇ ಇಷ್ಟು. ಆದ್ದರಿಂದ ತಡವಾಗುವುದು ಮತ್ತು ದುಬಾರಿಯಾಗುವುದು ಎರಡು ಬೇರೆ ಕಾಯಿಲೆಗಳಲ್ಲ.

ಕದ್ರಾ ತೀರದವ

ಇಬ್ಬರಿಗೂ ಧನ್ಯವಾದಗಳು. ಒಂದು ಮರುಪ್ರಶ್ನೆ: ಇದೇ ಇಪಿಆರ್ ಮಾದರಿಯನ್ನು ಚೀನಾದ ತೈಶಾನ್‌ನಲ್ಲಿ 2009ರಲ್ಲಿ ಆರಂಭಿಸಿ 2018ರ ಡಿಸೆಂಬರಿನಲ್ಲೇ ವಾಣಿಜ್ಯ ಉತ್ಪಾದನೆಗೆ ತಂದರು. ಹಾಗಾದರೆ ಫಿನ್ಲೆಂಡಿನ ನಿಯಂತ್ರಣ ಸಂಸ್ಥೆ ವಿಪರೀತ ಬಿಗಿಯಾಗಿತ್ತು ಎನ್ನಬಹುದೇ?

ನಿವೃತ್ತ ಸಿವಿಲ್ ಎಂಜಿನಿಯರ್

ಹಾಗೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ತೈಶಾನ್ ಕೂಡ ಹೇಳಿದ ಸಮಯಕ್ಕೆ ಮುಗಿಯಲಿಲ್ಲ. ಆದರೆ ಅವರಿಗೆ ಫಿನ್ಲೆಂಡಿನವರು ಎಡವಿದ ಜಾಗಗಳು ಮೊದಲೇ ಗೊತ್ತಿದ್ದವು ಮತ್ತು ಬೇರೆ ಬೇರೆ ರಿಯಾಕ್ಟರುಗಳನ್ನು ಬಿಡುವಿಲ್ಲದೆ ಕಟ್ಟುತ್ತಿದ್ದ ಕೆಲಸಗಾರರಿದ್ದರು. ತಪಾಸಣೆಯ ಅಗತ್ಯವೆಷ್ಟೆಂಬುದಕ್ಕೆ ನಿಮ್ಮ ಕೈಗಾವೇ ಸಾಕ್ಷಿ. 1994ರ ಮೇ 13ರಂದು ಕೈಗಾ-1ರ ಒಳಗುಮ್ಮಟದ ಕಾಂಕ್ರೀಟು ಪದರ ಕಳಚಿ ಕುಸಿಯಿತು. ಪುಣ್ಯಕ್ಕೆ ಇಂಧನ ತುಂಬಿರಲಿಲ್ಲ. ಗುಮ್ಮಟದ ಉಕ್ಕಿನ ಕೇಬಲ್‌ಗಳನ್ನು ಬಿಗಿಯುವ ಹಂತದಲ್ಲಿ ಅದು ಸಂಭವಿಸಿತು. ವಿನ್ಯಾಸವನ್ನೇ ಬದಲಿಸಿ, ಹೆಚ್ಚು ಬಲದ ಕಾಂಕ್ರೀಟು ಬಳಸಿ ಗುಮ್ಮಟವನ್ನು ಮತ್ತೆ ಕಟ್ಟಿದರು. ಕೈಗಾ-1 ಮತ್ತು ಕೈಗಾ-2 ಘಟಕಗಳೆರಡೂ ವಾಣಿಜ್ಯ ಉತ್ಪಾದನೆಗೆ ಬಂದದ್ದು 2000ನೆಯ ಇಸವಿಯಲ್ಲಿ. ಆ ವರ್ಷಗಳನ್ನು ವ್ಯರ್ಥವೆಂದು ಬರೆಯಲು ನನಗೆ ಸಾಧ್ಯವಿಲ್ಲ, ಏಕೆಂದರೆ ಅದೇ ಕೈಗಾ-1 ಮುಂದೆ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ವಿಶ್ವದಾಖಲೆ ಬರೆಯಿತು.

ಒಲ್ಕಿಲುವೊಟೊದಲ್ಲೂ ಕೊನೆಯ ಘಟ್ಟದವರೆಗೆ ಹೀಗೇ ನಡೆಯಿತು. 2022ರ ಮಾರ್ಚಿನಲ್ಲಿ ಗ್ರಿಡ್ಡಿಗೆ ಜೋಡಿಸಿದ ಮೇಲೆ, ಅದೇ ಅಕ್ಟೋಬರಿನಲ್ಲಿ ನೀರುಣಿಸುವ ಪಂಪುಗಳ ಒಳಚಕ್ರಗಳಲ್ಲಿ ಬಿರುಕು ಕಂಡುಬಂದು ಇನ್ನಷ್ಟು ತಿಂಗಳು ಕಾಯಬೇಕಾಯಿತು. ಅಷ್ಟು ವರ್ಷ ತಡವಾಗಿ, ಎಲ್ಲ ಕಡೆಯಿಂದ ಒತ್ತಡವಿದ್ದಾಗಲೂ ಅವರು ಪಂಪು ಬಿಚ್ಚಿ ನೋಡಿದರು. ಕೈಗಾ 5 ಮತ್ತು 6ರ ವಿಷಯದಲ್ಲಿ ‘ಮುಗಿಯುವುದು ಯಾವಾಗ’ ಎಂದು ಕೇಳುವ ಮೊದಲು ‘ನಕ್ಷೆಗಳಲ್ಲಿ ಎಷ್ಟು ಪಾಲು ಅಂತಿಮವಾಗಿದೆ’ ಎಂದು ಕೇಳಿ. ಇದೇ 700 ಮೆಗಾವಾಟಿನ ಮಾದರಿ ಗುಜರಾತಿನ ಕಾಕ್ರಾಪಾರದಲ್ಲಿ ಈಗಾಗಲೇ ನಡೆಯುತ್ತಿರುವುದರಿಂದ, ಆ ಪ್ರಶ್ನೆಗೆ ಫಿನ್ಲೆಂಡಿನವರಿಗಿಂತ ನಮ್ಮವರ ಬಳಿ ಒಳ್ಳೆಯ ಉತ್ತರ ಇರಬೇಕು.